ರೇಷ್ಮೆ ಮನೆಯ ಬೂದು ನೊಣ: ಊಜಿಯೋ, ಮಾಂಸದ ನೊಣವೋ?

ರೇಷ್ಮೆಹುಳು ಸಾಕಣೆ ಮನೆಯ ಕಿಟಕಿಯಲ್ಲಿ ಸಿಕ್ಕ ಪಟ್ಟೆ ಬೆನ್ನಿನ ಬೂದು ನೊಣ ಊಜಿಯೇ, ಅಂದರೆ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕಾಡುವ ನೊಣವೇ ಎಂದು ಕೇಳಿದ್ದೀರಿ. ಮೇಲಿನಿಂದ ತೆಗೆದ ಫೋಟೋ ನೋಡಿ ತೀರ್ಮಾನಿಸಬೇಡಿ, ಬಹಳ ಮಂದಿ ತಪ್ಪುವುದು ಅಲ್ಲೇ.

ನೊಣವನ್ನು ಒಣ ಡಬ್ಬಿಯಲ್ಲಿ ಹಾಕಿ ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ನೀರು ತಾಗಿಸಬೇಡಿ, ಒದ್ದೆಯಾದರೆ ಮೈಮೇಲಿನ ಬೂದು ಧೂಳು ಅಳಿಸಿ ಪಟ್ಟೆಗಳೇ ಕಾಣುವುದಿಲ್ಲ. ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು ಪಕ್ಕದಿಂದ ನೋಡಿ. ಎದೆಯ ಹಿಂತುದಿಯಲ್ಲಿ ತ್ರಿಕೋನದಂಥ ತಟ್ಟೆಯಿದೆಯಲ್ಲ, ಅದರ ಕೆಳಗೆ ಇನ್ನೊಂದು ಗುಂಡನೆಯ ಉಬ್ಬು ಎದ್ದು ಕಂಡರೆ ಅದು ಊಜಿ ಸೇರಿದ ಟ್ಯಾಕಿನಿಡೇ ಕುಟುಂಬ. ಮಾಂಸದ ನೊಣಗಳ ಸಾರ್ಕೊಫ್ಯಾಜಿಡೇ ಕುಟುಂಬದಲ್ಲಿ ಈ ಉಬ್ಬು ಬೆಳೆದಿರುವುದಿಲ್ಲ. ನಾನು ಅತಿ ಹೆಚ್ಚು ನಂಬುವ ಗುರುತು ಇದೇ.

ಊಜಿಯ ಎದೆಯ ಮೇಲೆ ನಾಲ್ಕು ಕಪ್ಪು ಪಟ್ಟೆ, ಮಾಂಸದ ನೊಣಕ್ಕೆ ಸಾಮಾನ್ಯವಾಗಿ ಮೂರು. ಆದರೆ ಮನೆನೊಣಕ್ಕೂ ನಾಲ್ಕಿರುತ್ತವೆ, ಹಾಗಾಗಿ ಬರೀ ಎಣಿಕೆ ಸಾಲದು. ಮಾಂಸದ ನೊಣದ ಹೊಟ್ಟೆಯ ಮೇಲೆ ಚದುರಂಗದ ಮಣೆಯಂಥ ಚೌಕಗಳಿದ್ದು, ಬೆಳಕಿನ ಕೋನ ಬದಲಾದಂತೆ ಅವೂ ಬದಲಾಗುತ್ತವೆ. ತಲೆಯ ಮುಂದಿನ ಮೀಸೆಯ (ಸ್ಪರ್ಶಾಂಗದ) ಕೂದಲೆಳೆಯೂ ನೆರವಾಗುತ್ತದೆ: ಊಜಿಯಲ್ಲಿ ಬೋಳು, ಮಾಂಸದ ನೊಣದಲ್ಲಿ ಬಹುಪಾಲು ಬುಡದ ಕಡೆ ಗರಿಯಂತೆ, ಮನೆನೊಣದಲ್ಲಿ ತುದಿಯವರೆಗೂ ಗರಿ.

ಇವತ್ತೇ ಹುಳುಗಳ ಮೈಯನ್ನೂ ನೋಡಿ. ಬೆಳ್ಳನೆಯ ಸಣ್ಣ ಮೊಟ್ಟೆ ಅಥವಾ ಕಪ್ಪು ಚುಕ್ಕೆ ಕಂಡರೆ ಊಜಿ ಬಂದಿದೆಯೆಂದೇ ತಿಳಿಯಿರಿ. ಮರಿ ಒಳಹೊಕ್ಕ ಜಾಗವೇ ಕಪ್ಪಾಗುವುದು. ಮಾಂಸದ ನೊಣ ಮೊಟ್ಟೆಯ ಬದಲು ಮರಿಯನ್ನೇ ಹಾಕುತ್ತದೆ, ಸಾಮಾನ್ಯವಾಗಿ ಸತ್ತು ಕೊಳೆತ ಹುಳುಗಳ ಮೇಲೆ.