ಕಥೆಯ ಹೆಸರು ಒಂದೇ ಆದರೆ ಕಳ್ಳತನವೇ?

ನಿಮ್ಮ ಕಥೆಯ ಹೆಸರನ್ನೇ ಬೇರೊಬ್ಬರು ಇಟ್ಟುಕೊಂಡಿದ್ದಾರೆ, ಕಾಪಿರೈಟ್ ಕೇಸ್ ಹಾಕಬಹುದಾ ಅಂತ ಕೇಳಿದ್ದೀರಿ. ಬರೀ ಹೆಸರಿಗೆ ಕಷ್ಟ. ಎರಡು ಮೂರು ಪದಗಳ ಶೀರ್ಷಿಕೆಗೆ ಸಾಮಾನ್ಯವಾಗಿ ಕಾಪಿರೈಟ್ ಸಿಗುವುದಿಲ್ಲ. ಐಡಿಯಾಗೂ ಅಷ್ಟೇ. ಐಡಿಯಾಗೆ ಕಾಪಿರೈಟ್ ಇಲ್ಲ ಅನ್ನುವುದನ್ನು 1994ರ ಟ್ರಿಪ್ಸ್ ಒಪ್ಪಂದದ (ಬೌದ್ಧಿಕ ಆಸ್ತಿ ಹಕ್ಕುಗಳ ಬಗೆಗಿನ ಅಂತರರಾಷ್ಟ್ರೀಯ ಒಪ್ಪಂದ) 9ನೇ ವಿಧಿ ನೇರವಾಗಿಯೇ ಹೇಳುತ್ತದೆ. ನಿಮ್ಮದಾಗುವುದು ನೀವು ಬರೆದ ವಾಕ್ಯಗಳು, ಮಾತುಕತೆ, ದೃಶ್ಯ ಹೆಣೆದ ರೀತಿ.

ಅವರ ಕಥೆ ಪೂರ್ತಿ ಓದಿದ್ದೀರಾ? ಸುಮ್ನೆ ಜಗಳಕ್ಕಿಳಿಯುವ ಮೊದಲು ಅದೊಂದು ಮಾಡಿ. ಸಾಲುಗಳೇ ನಕಲಾಗಿದ್ದರೆ ಮಾತು ಬೇರೆ. ರಿಜಿಸ್ಟರ್ ಮಾಡಿಸಿಲ್ಲ ಅಂತ ಹೆದರಬೇಡಿ. ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಹಕ್ಕು ತಾನಾಗಿಯೇ ಬರುತ್ತದೆ. ಹಳೆಯ ಡ್ರಾಫ್ಟ್, ಮೇಲ್ ಮಾತ್ರ ಅಳಿಸಬೇಡಿ, ಸಾಕ್ಷಿ ಅವೇ ಅಲ್ವಾ. ಇನ್ನು ಟ್ರೇಡ್‌ಮಾರ್ಕ್, ಅಂದರೆ ವ್ಯಾಪಾರದಲ್ಲಿ ಬಳಸುವ ಹೆಸರು, ಗುರುತಿನ ಮೇಲಿನ ಹಕ್ಕು, ಆ ವಿಚಾರ ಬಿಡಿ. ಒಂದೇ ಹೆಸರಿನಲ್ಲಿ ಸರಣಿ ತರುವವರಿಗೆ ಅದು ಜಾಸ್ತಿ ಉಪಯೋಗ.