ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಕಡೆಯ ಅಬೊರಿಜಿನಲ್ (ಮೂಲನಿವಾಸಿಗಳ) ಊರಿಗೆ ನರ್ಸ್ ಆಗಿ ಹೊರಟಿದ್ದೇನೆ. ತಾಯಂದಿರಿಗೆ ಮಕ್ಕಳ ಆರೋಗ್ಯ, ಸುರಕ್ಷತೆ ಬಗ್ಗೆ ತಿಳಿಸಲು ಯಾವ ಸಾಮಗ್ರಿ ಬಳಸಲಿ?

ನೀವು ಹಾಸನದಲ್ಲಿ ಎಂಟು ವರ್ಷ ಮಕ್ಕಳ ವಾರ್ಡಿನಲ್ಲಿದ್ದವರು, ಆಸ್ಟ್ರೇಲಿಯಾಕ್ಕೆ ಹೋಗುವಾಗ ಒಳ್ಳೆಯ ಕರಪತ್ರಗಳನ್ನು ಕೈಯಲ್ಲಿಟ್ಟುಕೊಂಡೇ ಹೋಗಬೇಕು ಎಂದು ಬರೆದಿದ್ದೀರಿ. ನಾನು ತೀರ್ಥಹಳ್ಳಿ ಕಡೆಯವಳು, ಆಲಿಸ್ ಸ್ಪ್ರಿಂಗ್ಸ್ ಇರುವ ನಾರ್ದರ್ನ್ ಟೆರಿಟರಿ ಪ್ರಾಂತ್ಯದ ಸಣ್ಣ ಕ್ಲಿನಿಕ್ಕುಗಳಲ್ಲಿ ಐದು ವರ್ಷ ಕೆಲಸ ಮಾಡಿದ್ದೇನೆ. ಸಾಮಗ್ರಿಯ ಹೆಸರು ಖಂಡಿತ ಹೇಳುತ್ತೇನೆ. ಅದಕ್ಕೂ ಮೊದಲು, ಅದನ್ನು ಯಾರ ಪಕ್ಕ ಕೂತು ತೋರಿಸುತ್ತೀರಿ ಅಂತ ಯೋಚಿಸಿ.

ಹೋದ ಹೊಸತರಲ್ಲಿ ಒಬ್ಬ ಬಾಣಂತಿಗೆ ಕೂಸನ್ನು ಮಲಗಿಸುವ ಬಗ್ಗೆ ಹಾಳೆ ಕೊಟ್ಟು ಕಾಲು ಗಂಟೆ ವಿವರಿಸಿದೆ. ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ ಹೂಂ, ಹೂಂ ಎಂದಳು. ಅರ್ಥವಾಯಿತು ಎಂದುಕೊಂಡೆ. ಆ ಹೂಂಗೆ 'ಸಾಕು, ನಾನಿನ್ನು ಬರಲಾ' ಎನ್ನುವ ಅರ್ಥವೂ ಇರುತ್ತದೆ ಅಂತ ಆಗ ತಿಳಿದಿರಲಿಲ್ಲ. ಮರುವಾರ ನಮ್ಮ ಕ್ಲಿನಿಕ್ಕಿನ ಅಬೊರಿಜಿನಲ್ ಹೆಲ್ತ್ ಪ್ರಾಕ್ಟೀಷನರ್ ನನ್ನನ್ನು ಆ ಮನೆಗೇ ಕರೆದುಕೊಂಡು ಹೋದರು. ಆ ಊರಿನವರೇ. ಎಲ್ಲರೂ ಅವರನ್ನು ಆಂಟಿ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಜಗಲಿಯ ನೆಲದ ಮೇಲೆ ಕೂತರು. ಚೀಲದಿಂದ ಒಂದು ಬಟ್ಟೆಯ ಗೊಂಬೆ ತೆಗೆದು ಕೂಸಿನ ಅಜ್ಜಿಯ ಕೈಗಿಟ್ಟರು. ಇಬ್ಬರೂ ತಮ್ಮ ಭಾಷೆಯಲ್ಲಿ ಮಾತಾಡಿದರು, ನಡುವೆ ಎಷ್ಟೋ ಹೊತ್ತು ಸುಮ್ಮನಿದ್ದರು. ಆಮೇಲೆ ಅಜ್ಜಿ ಗೊಂಬೆಯನ್ನು ಅಂಗಾತ ಮಲಗಿಸಿದರು, ಮುಖ ಮುಚ್ಚಿದ್ದ ಕಂಬಳಿಯನ್ನು ಎದೆಯವರೆಗೆ ಇಳಿಸಿದರು, ಸಿಗರೇಟು ಹಿಡಿದು ಕೂತಿದ್ದ ಹುಡುಗರನ್ನು ಕೈಸನ್ನೆಯಲ್ಲೇ ಅಂಗಳಕ್ಕೆ ಅಟ್ಟಿದರು. ನನ್ನ ಹಾಳೆಯಲ್ಲಿ ಇದ್ದದ್ದೂ ಅಷ್ಟೇ.

ಅಜ್ಜಿಗೆ ಯಾಕೆ ಕೊಟ್ಟರು ಎನ್ನುವುದು ನಮ್ಮವರಿಗೆ ಬೇಗ ಅರ್ಥವಾಗಬೇಕು. ಅಲ್ಲಿ ತಾಯಿಯ ಅಕ್ಕತಂಗಿಯರೂ ತಾಯಂದಿರೇ, ತಂದೆಯ ಅಣ್ಣತಮ್ಮಂದಿರೂ ತಂದೆಯರೇ. ನಮ್ಮ ದೊಡ್ಡಮ್ಮ, ಚಿಕ್ಕಮ್ಮ, ದೊಡ್ಡಪ್ಪ, ಚಿಕ್ಕಪ್ಪ ಇದ್ದ ಹಾಗೆ. ಹೆತ್ತವಳೊಬ್ಬಳಿಗೇ ಹೇಳಿ ಬಂದರೆ ಮಗುವನ್ನು ದಿನವಿಡೀ ನೋಡಿಕೊಳ್ಳುವ ನಾಲ್ಕು ಜನರಿಗೆ ಹೇಳಲೇ ಇಲ್ಲ ಎಂದಾಯಿತು.

ಕ್ವೀನ್ಸ್‌ಲ್ಯಾಂಡಿನಲ್ಲಿ ಪೇಪಿ-ಪಾಡ್ ಅಂತ ಕೊಡುತ್ತಾರೆ, ನ್ಯೂಜಿಲೆಂಡಿನಿಂದ ಬಂದದ್ದು. ಪುಟ್ಟ ಹಾಸಿಗೆ ಇರುವ ಪ್ಲಾಸ್ಟಿಕ್ ಪೆಟ್ಟಿಗೆ. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬೇಡಿ ಎಂದು ಬೈಯುವ ಬದಲು ಅಮ್ಮನ ಪಕ್ಕದಲ್ಲೇ ಕೂಸಿಗೊಂದು ಬೇರೆ ಜಾಗ ಮಾಡಿಕೊಡುತ್ತದೆ. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸುವ ನಮಗಾಗಲಿ, ಕೂಲಮನ್ ಎಂಬ ಮರದ ಮರಿಗೆಯಲ್ಲಿ ಮಲಗಿಸುತ್ತಿದ್ದ ಅವರಿಗಾಗಲಿ ಇದೇನೂ ವಿಚಿತ್ರವಲ್ಲ.

ಇನ್ನು ನೀವು ಕೇಳಿದ ಹೆಸರುಗಳು. ನಿಮ್ಮ ಸ್ವಂತ ಬಳಕೆಗೆ ಕಾರ್ಪಾ ಕೈಪಿಡಿ ಬೇಕೇ ಬೇಕು, ಮಧ್ಯ ಆಸ್ಟ್ರೇಲಿಯಾದ ದೂರದ ಕ್ಲಿನಿಕ್ಕುಗಳೆಲ್ಲ ಅದನ್ನೇ ನೋಡಿ ಚಿಕಿತ್ಸೆ ಕೊಡುವುದು. ಕಿವಿ ಸೋರುವುದಕ್ಕೆ 'ಕೇರ್ ಫಾರ್ ಕಿಡ್ಸ್ ಇಯರ್ಸ್' ಎಂಬ ಸರ್ಕಾರದ ಸಾಮಗ್ರಿ ಇದೆ. ಅಲ್ಲಿ ಎಷ್ಟೋ ಮಕ್ಕಳು ಕ್ಲಾಸಿನಲ್ಲಿ ಮಂಕಾಗಿ ಕೂರುವುದು ಕಿವಿ ಕೇಳದೆ, ಅದನ್ನು ಮರೆಯಬೇಡಿ. ಟ್ರಕೋಮಾ ಎಂಬ ಕಣ್ಣಿನ ಸೋಂಕಿಗೆ ಮಿಲ್ಪಾ ಎಂಬ ಉಡದ ಚಿತ್ರಗಳಿವೆ. ಮೂಗು ಸೀಟು, ಮುಖ ತೊಳೆ, ಟವೆಲ್ ಹಂಚಿಕೊಳ್ಳಬೇಡ ಅಂತ ಉಡವೇ ಹೇಳುತ್ತದೆ, ಮಕ್ಕಳಿಗೆ ತುಂಬ ಇಷ್ಟ.

ನನ್ನ ಮನಸ್ಸು ಹೆಚ್ಚು ನಿಂತದ್ದು ರುಮಾಟಿಕ್ ಜ್ವರದ ಮೇಲೆ. ಗಂಟಲು ನೋವು, ಚರ್ಮದ ಹುಣ್ಣು ಎಂದು ಬಿಟ್ಟದ್ದು ಹೃದಯದ ಕವಾಟಕ್ಕೆ ಬಂದು ಕೂರುತ್ತದೆ. ನಮ್ಮ ಊರುಗಳಲ್ಲೂ ನೀವು ನೋಡಿರುತ್ತೀರಿ. ಅದು ಮರುಕಳಿಸದಂತೆ 28 ದಿನಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು, ಅದೂ ವರ್ಷಗಟ್ಟಲೆ. ಒಂಬತ್ತು ವರ್ಷದ ಒಬ್ಬ ಹುಡುಗ ನಮ್ಮ ಗಾಡಿ ಕಂಡರೆ ಓಡುತ್ತಿದ್ದ. ಚುಚ್ಚುವ ಜಾಗಕ್ಕೆ ಐಸ್ ಇಡುವುದನ್ನು ಅವನ ಕೈಗೇ ಕೊಟ್ಟು, ಎಡವೋ ಬಲವೋ ನೀನೇ ಹೇಳು ಅಂದ ಮೇಲೆ ಓಡುವುದು ನಿಂತಿತು. ಆರ್‌ಎಚ್‌ಡಿ ಆಸ್ಟ್ರೇಲಿಯಾ ಎಂಬ, ಈ ಕಾಯಿಲೆಗೇ ಮೀಸಲಾದ ಸಂಸ್ಥೆಯವರು ಅಲ್ಲಿನ ಭಾಷೆಗಳಲ್ಲಿ ಮಾಡಿಸಿದ ವಿಡಿಯೊಗಳನ್ನು ಅವನ ಅಮ್ಮ ತನ್ನ ಫೋನಿನಲ್ಲಿ ಅಕ್ಕತಂಗಿಯರಿಗೆಲ್ಲ ತೋರಿಸಿದಳು.

ಒಂದು ಮಾತಿನ ಬಗ್ಗೆ ತುಂಬ ಎಚ್ಚರವಿರಲಿ. 'ಮಕ್ಕಳ ಸುರಕ್ಷತೆ' ಎಂದರೆ ನಮಗೆ ಬಿಸಿನೀರು, ಮಾತ್ರೆ ಡಬ್ಬಿ, ಕಾರಿನ ಸೀಟು. ಅಲ್ಲಿನ ಅಜ್ಜಿಯರಿಗೆ ಅದು ಮಗುವನ್ನು ಎತ್ತಿಕೊಂಡು ಹೋಗುವವರ ಮಾತು. 1970ರವರೆಗೂ ಸರ್ಕಾರವೇ ಅವರ ಮಕ್ಕಳನ್ನು ಕಿತ್ತುಕೊಂಡು ಆಶ್ರಮಗಳಲ್ಲಿ, ಬಿಳಿಯರ ಮನೆಗಳಲ್ಲಿ ಬೆಳೆಸಿತು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಅದಕ್ಕೆ ಒಂದೇ ವರ್ಷ ಮೊದಲು, 2007ರಲ್ಲಿ, ಮಕ್ಕಳ ರಕ್ಷಣೆಯ ಹೆಸರಿನಲ್ಲೇ ಈ ಊರುಗಳಿಗೆ ಸೈನ್ಯ ಬಂದಿತ್ತು. ಹಾಗಾಗಿ ಮೊದಲ ದಿನವೇ ಫೈಲು, ಪೆನ್ನು ಹಿಡಿದು ಮನೆಯೊಳಗೆ ಕಣ್ಣಾಡಿಸಬೇಡಿ. ಇದರ ಜೊತೆಗೇ ಇನ್ನೊಂದು: ಮಗುವಿಗೆ ಹಾನಿಯಾಗುತ್ತಿದೆ ಎಂದು ನಂಬಲು ಕಾರಣವಿದ್ದರೆ ವರದಿ ಮಾಡುವುದು ನಾರ್ದರ್ನ್ ಟೆರಿಟರಿಯಲ್ಲಿ ಪ್ರತಿಯೊಬ್ಬರಿಗೂ ಕಾನೂನು. ಅದನ್ನು ಮಾಡಲೇಬೇಕು. ಮಾಡುವಾಗ ಮಗುವಿನ ಬಳಗದಲ್ಲಿ ಯಾರ ಹತ್ತಿರ ಅದು ಸುರಕ್ಷಿತವಾಗಿ ಇರಬಲ್ಲದು ಎನ್ನುವುದನ್ನೂ ತಿಳಿದು ಬರೆಯಿರಿ.

ಕೈ ತೊಳೆಯಿರಿ ಎನ್ನುವ ಪೋಸ್ಟರ್ ಅಂಟಿಸುವ ಮೊದಲು ನಲ್ಲಿ ತಿರುಗಿಸಿ ನೋಡಿ. ಪಿಟ್ಜನ್‌ಜಟ್ಜರ ಜನರ ಸೀಮೆಯಲ್ಲಿ 1985ರಲ್ಲಿ ಶುರುವಾದ, ಮನೆಗಳ ನಲ್ಲಿ, ಶವರ್ ಪರೀಕ್ಷಿಸಿ ರಿಪೇರಿ ಮಾಡುವ ಒಂದು ಕೆಲಸ ಮುಂದೆ ಸಾವಿರಾರು ಮನೆಗಳಿಗೆ ಹಬ್ಬಿತು. ಆರೋಗ್ಯಕ್ಕೆ ಮನೆಯಲ್ಲಿ ಏನಿರಬೇಕು ಎಂದು ಅವರು ಮಾಡಿದ ಪಟ್ಟಿಯಲ್ಲಿ ಮೊದಲನೆಯದೇ ಮಕ್ಕಳಿಗೆ ಮೀಯಿಸಲು ನೀರು. ಆ ಮನೆಗಳಲ್ಲಿ ಕೆಟ್ಟು ನಿಂತದ್ದರಲ್ಲಿ ಮನೆಯವರು ಹಾಳು ಮಾಡಿದ್ದು ಹತ್ತರಲ್ಲೊಂದು ಪಾಲೂ ಇರಲಿಲ್ಲ. ಬಹುಪಾಲು ಕೆಟ್ಟದ್ದು ರಿಪೇರಿ ಮಾಡದೆ, ಉಳಿದದ್ದು ಕಟ್ಟುವಾಗಲೇ ಸರಿಯಿಲ್ಲದೆ. ಹದಿನೈದು ಜನರಿರುವ ಮನೆಯಲ್ಲಿ ಇರುವ ಒಂದೇ ಶವರ್ ಕೆಟ್ಟಿದ್ದರೆ ಪ್ಲಂಬರ್‌ಗೆ ಫೋನು ಮಾಡುವುದೂ ನರ್ಸ್ ಕೆಲಸ ಅಂತಲೇ ನಾನು ಮಾಡಿದ್ದೇನೆ.

ಸಣ್ಣಪುಟ್ಟದ್ದು ಇನ್ನೆರಡು. ತೀರಿಕೊಂಡವರ ಹೆಸರು ಎತ್ತಬೇಡಿ. ಊರಲ್ಲಿ ಸಾವಾಗಿದ್ದರೆ ಹಳೆಯ ಪೋಸ್ಟರಿನಲ್ಲಿ ಅವರ ಫೋಟೊ ಇದೆಯಾ ಎಂದು ಆಂಟಿಯಂಥವರನ್ನು ಕೇಳಿ, ಇದ್ದರೆ ತೆಗೆಯಿರಿ. ಯಾರಾದರೂ ನಿಮ್ಮನ್ನು 'ಡೆಡ್ಲಿ' ಅಂದರೆ ಗಾಬರಿಯಾಗಬೇಡಿ, ನಮ್ಮ 'ಸಖತ್' ಇದ್ದ ಹಾಗೆ.

ಯಾವ ಊರು ಅಂತ ನಿಕ್ಕಿಯಾದ ಮೇಲೆ ಇಲ್ಲೇ ಬರೆಯಿರಿ. ಅಲ್ಲಿ ವಾರ್ಲ್‌ಪಿರಿ ಮಾತಾಡುತ್ತಾರೋ, ಪಿಟ್ಜನ್‌ಜಟ್ಜರವೋ ನೋಡಿ, ಆ ಭಾಷೆಯ ರೆಕಾರ್ಡಿಂಗ್ ಯಾವುದಿದೆ ಅಂತ ಹುಡುಕಿ ಕೊಡುತ್ತೇನೆ.