ತಪ್ಪಾದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸುತ್ತಿದ್ದ ಹುಡುಗ

ಹೆಸರು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅಪ್ಪ, ಮಗ ಇಬ್ಬರೂ ಒಪ್ಪಿದ್ದಾರೆ.

ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ವಾಪಸ್ ಹೋಗಲು ಒಲ್ಲೆ ಅಂತ ಕೂತುಬಿಟ್ಟಿದ್ದಾನೆ ಅಂತ ಗದಗ-ಬೆಟಗೇರಿಯ ಒಬ್ಬರು ಅವನನ್ನು ಕರೆದುಕೊಂಡು ಧಾರವಾಡಕ್ಕೆ, ಆಪ್ತಸಮಾಲೋಚನೆ ಮಾಡೋ ನನ್ನ ಹತ್ತಿರ ಬಂದರು. ಹುಡುಗನನ್ನು ಮಂಜು ಅನ್ನೋಣ. 22 ವರ್ಷ. ಬಿ.ಕಾಂ. ಮುಗಿಸಿ, ಹಟ ಹಿಡಿದು ಫಿಲ್ಮ್ ಸ್ಕೂಲ್ ಸೇರಿದ್ದ. ಮೊದಲ ವಾರದಿಂದಲೇ ಕೈಗೆ ಕ್ಯಾಮೆರಾ ಕೊಡುತ್ತಾರೆ ಅನ್ನೋದೇ ಅವನಿಗೆ ಹಿಡಿಸಿದ್ದು. ಅಪ್ಪ ಕೈಮಗ್ಗದವರು, ಫೀ ಕಟ್ಟೋದಕ್ಕೆ ಸಾಲ ಮಾಡಿದ್ದಾರೆ.

"ಹಗಲೆಲ್ಲಾ ಮಕ್ಕೊಂಡಿರ್ತಾನ್ರಿ. ಕೇಳಿದ್ರ ಬಾಯಿ ಬಿಡಂಗಿಲ್ಲ. ಸಿನಿಮಾ ನಮ್ಮಂಥೋರಿಗಲ್ಲ ಅಂತ ನಾ ಮೊದ್ಲ ಹೇಳಿದ್ದೆ ನೋಡ್ರಿ" ಅಂದರು.

ಅವರನ್ನು ಹೊರಗೆ ಕೂರಿಸಿ ಮಂಜುನ ಜೊತೆ ಮಾತಾಡಿದೆ. ಮೊದಲು ನಿದ್ದೆ, ಊಟ ಕೇಳಿದೆ. ಸಾಯಬೇಕು ಅನ್ನಿಸುತ್ತಾ ಅಂತ ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಜನ ಹೆದರುತ್ತಾರೆ. ಹಾಗೇನಿಲ್ಲ, ಕೇಳಲೇಬೇಕು. ಅವನಿಗೆ ಆ ಯೋಚನೆ ಇರಲಿಲ್ಲ. ಇದ್ದಿದ್ದರೆ ಅವತ್ತೇ ಇಲ್ಲಿನ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕಳಿಸುತ್ತಿದ್ದೆ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡು ಅಂತ 14416 ಬರೆದುಕೊಟ್ಟೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಆಗಿದ್ದಿಷ್ಟು. ಮೂರನೇ ತಿಂಗಳ ಎಕ್ಸರ್‌ಸೈಜ್‌ಗೆ ಅವನೇ ನಿರ್ದೇಶಕ. ಐದು ಜನರ ತಂಡ, ಒಂದು ಕೋಣೆ, ಎರಡು ಪಾತ್ರ. ಕೋಣೆಯಲ್ಲಿ ಹಳೇ ಟ್ಯೂಬ್‌ಲೈಟ್. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಾಗಾಗಿ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತೆ. ಕಣ್ಣಿಗೆ ಕಾಣಲ್ಲ. ಕ್ಯಾಮೆರಾ ಒಂದೊಂದು ಚಿತ್ರಕ್ಕೆ ಬೆಳಕು ತಗೊಳ್ಳೋ ಹೊತ್ತು, ಅಂದರೆ ಷಟರ್, 1/50 ಸೆಕೆಂಡ್ ಇಟ್ಟರೆ ಅದಕ್ಕೂ ಕಾಣಲ್ಲ. ಅವತ್ತು ಷಟರ್ 1/60ರಲ್ಲಿತ್ತು, ಯಾರೂ ನೋಡಲಿಲ್ಲ. ಒಂದೊಂದು ಶಾಟ್‌ನಲ್ಲೂ ಮುಖದ ಮೇಲೆ ಮಬ್ಬು ಪಟ್ಟೆ ಓಡುತ್ತಿತ್ತು. ಅದನ್ನು ದೊಡ್ಡ ಪರದೆ ಮೇಲೆ ಇಡೀ ಕ್ಲಾಸಿನ ಮುಂದೆ ಹಾಕಿ, ಮೇಷ್ಟ್ರು "ಇಷ್ಟಕ್ಕೆ ಊರಿಂದ ಬಂದ್ಯಾ?" ಅಂದರಂತೆ. ಎಲ್ಲರೂ ನಕ್ಕರು.

"ಇದನ್ನ ಪರೀಕ್ಷಾದಾಗ ಬರದಿದ್ದೆ ಮೇಡಂ. ಪೂರ್ತಿ ಮಾರ್ಕ್ಸ್ ಬಂದಿದ್ವು" ಅಂದ.

ಹಾಳೆ ಮೇಲೆ ಬರೆದದ್ದು ಸೆಟ್‌ನಲ್ಲಿ ಕೈಗೆ ಬರಲಿಲ್ಲ. ಈಗ ಜನ್ಮದಲ್ಲಿ ಮರೆಯೋದಿಲ್ಲ. ಮಾಡಿ ಕಲಿಯೋದು ಅಂದರೆ ಇದೇ ಅಲ್ವಾ? ಆದರೆ ಮೇಷ್ಟ್ರ ಮಾತು ತಪ್ಪೇ. ತಪ್ಪು ತೋರಿಸೋದು ಬೇರೆ, ಹುಡುಗನ ಊರು ಎತ್ತಿ ಆಡೋದು ಬೇರೆ. ಅದನ್ನು ಮಂಜುಗೆ ಮೊದಲ ದಿನವೇ ಹೇಳಿದೆ, ಯಾಕಂದರೆ ಎಲ್ಲ ತಪ್ಪೂ ತನ್ನದೇ ಅಂತ ಅವನು ತಲೆ ಮೇಲೆ ಹೊತ್ತುಕೊಂಡಿದ್ದ.

ಒಂದು ಕೆಲಸ ಕೊಟ್ಟೆ. ಮೊಬೈಲಿನಲ್ಲಿ ಅಪ್ಪ ನೇಯೋದನ್ನ ತೆಗೆದುಕೊಂಡು ಬಾ, ಯಾರಿಗೂ ಏನೂ ಹೇಳಬೇಡ, ಸುಮ್ನೆ ತೆಗಿ.

ಮುಂದಿನ ವಾರ 11 ಕ್ಲಿಪ್ ತಂದ. ಇಬ್ಬರೂ ಕೂತು ನೋಡಿದೆವು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುತ್ತಿದೆ, ಅಪ್ಪನ ಕಾಲು ಮಗ್ಗದ ಕುಣಿಯೊಳಗೆ ಒಂದೇ ಸಮ ತುಳಿಯುತ್ತಿದೆ, ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಒಂದು ಎಳೆ ಪಟ್ಟನೆ ಕಡಿಯಿತು, ಕ್ಲಿಪ್ ಮುಗಿಯಿತು. ಇನ್ನೊಂದರಲ್ಲಿ ಅಜ್ಜಿ ಚಹಾ ಹಿಡಿದು ಅಡ್ಡ ಬಂದರು, ಕ್ಲಿಪ್ ಮುಗಿಯಿತು. ಮತ್ತೊಂದರಲ್ಲಿ ಕರೆಂಟು ಹೋಯಿತು, ಅಲ್ಲಿಗೇ ಮುಗಿಯಿತು. ನಾಲ್ಕೈದು ನೋಡೋ ಹೊತ್ತಿಗೆ ನನಗೆ ಗೊತ್ತಾಯಿತು.

"ಇಲ್ಲಿ ಯಾಕ ನಿಲ್ಲಿಸಿದಿ ತಮ್ಮಾ?"

"ಕೆಟ್ಟು ಹೋತಲ್ರಿ ಶಾಟು."

"ಎಳಿ ಕಡದ ಮ್ಯಾಲ ಅಪ್ಪ ಏನ್ ಮಾಡಿದ್ರು?"

ಸ್ವಲ್ಪ ಹೊತ್ತು ಫೋನನ್ನೇ ನೋಡಿದ. "ನೋಡಿಲ್ಲ ಮೇಡಂ."

ಫಿಲ್ಮ್ ಸ್ಕೂಲಿನಲ್ಲಿ ಆಗಿದ್ದೂ ಇದೇ ಅಂತ ನನಗನ್ನಿಸಿತು. ಕೆಟ್ಟ ಕೂಡಲೇ ಅವನ ಹೆಬ್ಬೆರಳು ತಾನಾಗಿ ಹೋಗಿ ನಿಲ್ಲಿಸುತ್ತೆ. ಈಗ ಕೋರ್ಸನ್ನೂ ಅಲ್ಲೇ ನಿಲ್ಲಿಸಲು ಹೊರಟಿದ್ದ.

ಸಲಹೆ ಜಾಸ್ತಿ ಏನಿಲ್ಲ. ದಿನಾ ಒಂದು ಕ್ಲಿಪ್, ಮೂರು ನಿಮಿಷ, ನಡುವೆ ಏನೇ ಆದರೂ ನಿಲ್ಲಿಸಬಾರದು, ಅಳಿಸಲೂ ಬಾರದು. ರಾತ್ರಿ ಒಂದು ಸಲ ಪೂರ್ತಿ ನೋಡಬೇಕು. ಹೋಗೋದಾ ಬಿಡೋದಾ ಅನ್ನೋ ತೀರ್ಮಾನ ಎರಡು ವಾರ ಬೇಡ, ಸ್ಕೂಲಿಗೆ ರಜೆ ಕೇಳಿ ಪತ್ರ ಬರಿ ಅಂದೆ. ಹೋದರೆ ಮುಂದಿನ ಎರಡು ಎಕ್ಸರ್‌ಸೈಜ್‌ನಲ್ಲಿ ನಿರ್ದೇಶನ ಬೇಡ, ಸೌಂಡ್ ಕೆಲಸ ಕೇಳಿ ತಗೋ. ಶಾಟ್ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಖಾಲಿ ಕೋಣೆಯ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡುತ್ತಾರಲ್ಲ, ರೂಮ್ ಟೋನ್ ಅಂತ, ಅದನ್ನು ಕೇಳೋ ಅಧಿಕಾರ ಸೌಂಡ್ ಹುಡುಗನದು. ಸೆಟ್‌ನಲ್ಲಿ ದನಿ ಎತ್ತಿ "ಎಲ್ಲರೂ ಸುಮ್ಮನಿರಿ" ಅನ್ನೋ ಅಭ್ಯಾಸ ಅವನಿಗೆ ಬೇಕಿತ್ತು. ಬೇರೆ ನಿರ್ದೇಶಕರು ಎಲ್ಲಿ ಎಡವುತ್ತಾರೆ ಅಂತಲೂ ಹತ್ತಿರದಿಂದ ಕಾಣುತ್ತೆ. ಮೇಷ್ಟ್ರನ್ನು ಒಬ್ಬರೇ ಇದ್ದಾಗ ಭೇಟಿಯಾಗಿ, ಅವತ್ತಿನ ಮಾತು ನೋವಾಯಿತು ಅಂತ ಹೇಳು. ಮತ್ತೆ ಹಾಗೆ ಅಂದರೆ ಮುಖ್ಯಸ್ಥರಿಗೆ ಬರೆದು ಕೊಡು.

ಅಪ್ಪನಿಗೆ ಹೇಳಿದ್ದು ಎರಡೇ. "ಯಾವಾಗ ಸಿನಿಮಾ ಮಾಡ್ತಿ" ಅಂತ ಕೇಳಬೇಡಿ, "ಇವತ್ತು ಏನ್ ಮಾಡಿದಿ" ಅಂತ ಕೇಳಿ. ಸಾಲದ ಮಾತು ಊಟದ ಹೊತ್ತಲ್ಲಿ ತೆಗೀಬೇಡಿ. ನಮ್ಮಂಥೋರಿಗಲ್ಲ ಅಂದಿದ್ದಕ್ಕೆ, ಗಿರೀಶ್ ಕಾಸರವಳ್ಳಿಯವರು ಬಿ.ಫಾರ್ಮಾ ಓದಿ ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದವರು ಅಂತ ಹೇಳಿದೆ. ಅದು ಅವರಿಗೆ ಅಷ್ಟು ತಾಗಲಿಲ್ಲ. ಸುಮ್ಮನೆ ಕೂತಿದ್ದವರು ಆಮೇಲೆ, "ನಾನೂ ಮಗ್ಗಕ್ಕ ಕೂತ ಹೊಸದಾಗಿ ಎರಡು ಸೀರಿ ಕೆಡಿಸೇನ್ರಿ. ನಮ್ಮಪ್ಪ ಬೈಲಿಲ್ಲ, ಮೂರನೇದಕ್ಕ ಹಾಸು ಹಾಕಿಕೊಟ್ಟ" ಅಂದರು. ಮಗ ತಲೆ ಎತ್ತಿ ನೋಡಿದ. ಅವನಿಗಿದು ಗೊತ್ತೇ ಇರಲಿಲ್ಲ.

ಮೂರನೇ ಭೇಟಿಗೆ ತಂದ ಕ್ಲಿಪ್‌ನಲ್ಲಿ ಎಳೆ ಮತ್ತೆ ಕಡಿಯಿತು. ಫೋನು ಸ್ವಲ್ಪ ನಡುಗಿತು, ನಿಲ್ಲಲಿಲ್ಲ. ಅಪ್ಪ ಬಗ್ಗಿ ಎರಡೂ ತುದಿ ಹುಡುಕಿದರು, ಬೆರಳು ಒದ್ದೆ ಮಾಡಿಕೊಂಡು ಹೊಸೆದು ಗಂಟು ಹಾಕಿದರು, ಒಂದು ಸಲ ಎಳೆದು ನೋಡಿದರು, ಲಾಳಿ ಮತ್ತೆ ಓಡಿತು. ಅಷ್ಟಕ್ಕೆ ಒಂದು ನಿಮಿಷವೂ ಆಗಿರಲಿಲ್ಲ.

ಮಂಜು ವಾಪಸ್ ಹೋಗಿದ್ದಾನೆ. ಸೌಂಡ್ ಕೆಲಸ ಕೇಳಿ ತಗೊಂಡೆ ಅಂತ ಫೋನ್ ಮಾಡಿದ್ದ. ಮೇಷ್ಟ್ರ ಹತ್ತಿರ ಇನ್ನೂ ಮಾತಾಡಿಲ್ಲವಂತೆ. ಸಂಕ್ರಾಂತಿಗೆ ಊರಿಗೆ ಬಂದಾಗ ಮೊದಲು ಅದನ್ನೇ ಕೇಳುತ್ತೇನೆ.